200 ಮತ್ತು 400 ಮೀಟರ್ ನಡುವೆ: ಮೈಕೆಲ್ ಜಾನ್ಸನ್ ಅವರ ಓಟವನ್ನು ಅರಿಯುವ ಬಗೆ

ಒಂದೇ ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಓಟಗಳೆರಡನ್ನೂ ಗೆದ್ದ ಪುರುಷರು ಹಲವರಿದ್ದಾರೆ. ಜೆಸ್ಸಿ ಓವೆನ್ಸ್, ಕಾರ್ಲ್ ಲೂಯಿಸ್, ಉಸೇನ್ ಬೋಲ್ಟ್ ಅವರ ಹೆಸರುಗಳು ಕ್ರೀಡೆಯಲ್ಲಿ ಅಷ್ಟಾಗಿ ಆಸಕ್ತಿಯಿಲ್ಲದವರ ಕಿವಿಗೂ ಬಿದ್ದಿರುತ್ತವೆ. ಆದರೆ 200 ಮತ್ತು 400 ಮೀಟರ್ ಓಟಗಳೆರಡನ್ನೂ ಒಂದೇ ಒಲಿಂಪಿಕ್ಸ್‌ನಲ್ಲಿ ಗೆದ್ದ ಪುರುಷ ಇಂದಿನವರೆಗೆ ಒಬ್ಬರೇ. ಅವರು ಅಮೆರಿಕದ ಮೈಕೆಲ್ ಜಾನ್ಸನ್, ವರ್ಷ 1996, ಸ್ಥಳ ಅಟ್ಲಾಂಟಾ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ಕೆನಡಾದ ಬೆನ್ ಜಾನ್ಸನ್ ಅವರೊಂದಿಗೆ ಇವರನ್ನು ಗೊಂದಲಮಾಡಿಕೊಳ್ಳುವವರು ಈಗಲೂ ಇದ್ದಾರೆ. ಇಬ್ಬರಿಗೂ ಯಾವ ಸಂಬಂಧವೂ ಇಲ್ಲ. ನೂರು ಮೀಟರ್ ದೂರದ ವ್ಯತ್ಯಾಸವನ್ನು ಅಷ್ಟು ಜನ ದಾಟಿದ್ದರೂ ಇನ್ನೂರು ಮೀಟರ್ ವ್ಯತ್ಯಾಸವನ್ನು ಒಬ್ಬರೇ ಏಕೆ ದಾಟಿದರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಜಾನ್ಸನ್ ಅವರ ಇಡೀ ವೃತ್ತಿಜೀವನ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೇಲುನೋಟಕ್ಕೆ 400 ಮೀಟರ್ ಎಂದರೆ 200 ಮೀಟರಿನ ಇಮ್ಮಡಿ ದೂರ, ಅಷ್ಟೇ. ದೇಹದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಕೆಲಸಗಳು. ಪೂರ್ಣ ವೇಗದಲ್ಲಿ ಓಡುವಾಗ ಸ್ನಾಯುಗಳು ಮೊದಲು ಬಳಸುವುದು ತಮ್ಮೊಳಗೆ ಸಿದ್ಧವಾಗಿರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ದಾಸ್ತಾನನ್ನು. ಅದು ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಕರಗಿಹೋಗುತ್ತದೆ. ಆ ಬಳಿಕ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಆಮ್ಲಜನಕದ ನೆರವಿಲ್ಲದೆ ಒಡೆದು ಶಕ್ತಿ ಕೊಡುತ್ತದೆ, ಆದರೆ ಅದರ ಜೊತೆಯಲ್ಲೇ ಸ್ನಾಯುವಿನೊಳಗೆ ಆಮ್ಲೀಯತೆಯೂ ಏರುತ್ತಾ ಹೋಗಿ, ಸಂಕುಚಿಸಿ ಸಡಿಲಗೊಳ್ಳುವ ಅದರ ಸಾಮರ್ಥ್ಯವನ್ನು ಕುಗ್ಗಿಸುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ 200 ಮೀಟರ್ ಓಟಗಾರ ಈ ಕುಗ್ಗುವಿಕೆಯ ಆರಂಭವನ್ನು ಮಾತ್ರ ಕಂಡು ಗೆರೆ ದಾಟಿಬಿಡುತ್ತಾನೆ. ನಲವತ್ತನಾಲ್ಕು ಸೆಕೆಂಡು ಓಡುವವನಿಗೆ ಆ ಭಾಗ್ಯವಿಲ್ಲ. ಮುನ್ನೂರು ಮೀಟರ್ ಗುರುತು ದಾಟಿದ ಮೇಲೆ ಕಾಲುಗಳು ಕಲ್ಲಿನಂತೆ ಬಿಗಿಯುತ್ತವೆ, ಮಂಡಿ ಮೇಲೇಳುವುದಿಲ್ಲ, ಭುಜಗಳು ಕಿವಿಯತ್ತ ಸರಿಯುತ್ತವೆ. ಕೊನೆಯ ನೂರು ಮೀಟರಿನಲ್ಲಿ ಒಬ್ಬ ಓಟಗಾರ ಉಳಿದವರನ್ನು ಹಿಂದೆ ಹಾಕುತ್ತಿರುವುದು ಕಂಡಾಗ ಅವನು ವೇಗ ಹೆಚ್ಚಿಸಿಕೊಂಡನೆಂದು ನಮಗೆ ಅನಿಸುತ್ತದೆ. ವಾಸ್ತವದಲ್ಲಿ ಎಲ್ಲರೂ ನಿಧಾನವಾಗುತ್ತಿರುತ್ತಾರೆ, ಅವನು ಉಳಿದವರಿಗಿಂತ ಕಡಿಮೆ ನಿಧಾನವಾಗುತ್ತಿರುತ್ತಾನೆ.

ಹೀಗಾಗಿ 200 ಮೀಟರಿಗೆ ಬೇಕಾದ ಅಭ್ಯಾಸವೂ 400 ಮೀಟರಿಗೆ ಬೇಕಾದ ಅಭ್ಯಾಸವೂ ಒಂದನ್ನೊಂದು ಕಚ್ಚುತ್ತವೆ. ಆಯಾಸವನ್ನು ತಡೆದುಕೊಳ್ಳುವ ದೀರ್ಘ ತರಬೇತಿ ಹೆಚ್ಚಾದರೆ ಕಾಲಿನ ಚುರುಕು ಮಂಕಾಗುತ್ತದೆ. ಚುರುಕಿನ ಮೇಲೆಯೇ ಗಮನವಿಟ್ಟರೆ ಕೊನೆಯ ನೂರು ಮೀಟರ್ ಕೈಕೊಡುತ್ತದೆ. ಇದರ ಜೊತೆಗೆ ತಿರುವಿನ ತೊಡಕೂ ಇದೆ. ಪ್ರಮಾಣಿತ ಟ್ರ್ಯಾಕ್‌ನಲ್ಲಿ ನೇರ ಭಾಗದ ಉದ್ದ 84.39 ಮೀಟರ್; ಆದ್ದರಿಂದ 200 ಮೀಟರ್ ಓಟದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 115 ಮೀಟರ್, ತಿರುವಿನ ಮೇಲೆಯೇ ಓಡಬೇಕಾಗುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಒಳಗಿನ ಲೇನ್‌ನಲ್ಲಿ ತಿರುಗುವವನನ್ನು ಹೊರಕ್ಕೆ ಎಸೆಯಲು ಯತ್ನಿಸುವ ಬಲ ಅವನ ದೇಹತೂಕದ ಕಾಲುಭಾಗಕ್ಕಿಂತಲೂ ಹೆಚ್ಚು. ಅಷ್ಟನ್ನೂ ಪಾದದ ಒಂದೊಂದು ತುಳಿತದಲ್ಲಿ ಎದುರಿಸುತ್ತಲೇ ಮುಂದಕ್ಕೂ ನುಗ್ಗಬೇಕು.

ಇನ್ನು ಜಾನ್ಸನ್ ಅವರ ದೇಹದ ಕಡೆಗೆ ಬರೋಣ. 1967ರ ಸೆಪ್ಟೆಂಬರ್ 13ರಂದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಹುಟ್ಟಿದ ಅವರು ಐವರು ಮಕ್ಕಳಲ್ಲಿ ಕೊನೆಯವರು. ತಂದೆ ಟ್ರಕ್ ಚಾಲಕ, ತಾಯಿ ಶಾಲಾ ಶಿಕ್ಷಕಿ. ಅವರು ಓಡುವುದನ್ನು ಮೊದಲ ಸಲ ನೋಡಿದ ಯಾರಿಗೇ ಆದರೂ ಏನೋ ವಿಚಿತ್ರವಾಗಿದೆ ಎನಿಸುತ್ತಿತ್ತು. ಬೆನ್ನು ಕೋಲಿನಷ್ಟು ನೆಟ್ಟಗೆ, ಎದೆ ಮುಂದಕ್ಕೆ, ಮಂಡಿ ಹೆಚ್ಚು ಮೇಲೇಳುವುದಿಲ್ಲ, ಹೆಜ್ಜೆಗಳು ಗಿಡ್ಡ. ಮಂಡಿಯನ್ನು ಎತ್ತರಕ್ಕೆ ಎತ್ತಿ ಹೆಜ್ಜೆಯನ್ನು ಉದ್ದವಾಗಿ ಚಾಚಬೇಕು ಎಂದು ಬೋಧಿಸುತ್ತಿದ್ದ ಕಾಲದಲ್ಲಿ ಇದು ತಿದ್ದಬೇಕಾದ ತಪ್ಪಿನಂತೆಯೇ ಕಾಣುತ್ತಿತ್ತು. ಆದರೆ ಓಟದ ವೇಗವೆಂದರೆ ಹೆಜ್ಜೆಯ ಉದ್ದವನ್ನು ಒಂದು ಸೆಕೆಂಡಿನಲ್ಲಿ ಇಡುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಗುಣಲಬ್ಧವೇ ಹೊರತು ಬೇರೇನಲ್ಲ. ಸುಮಾರು 1.85 ಮೀಟರ್ ಎತ್ತರದ ಜಾನ್ಸನ್ ಅವರಿಗೆ ಆ ಎತ್ತರಕ್ಕೆ ಹೋಲಿಸಿದರೆ ಕಾಲುಗಳು ಗಿಡ್ಡವಾಗಿದ್ದವು. ಉದ್ದದಲ್ಲಿ ಕಳೆದುಕೊಂಡದ್ದನ್ನು ಅವರು ಹೆಜ್ಜೆಗಳ ಸಂಖ್ಯೆಯಲ್ಲಿ ತುಂಬಿಕೊಂಡರು. ಪಾದವು ದೇಹದ ಭಾರಕ್ಕಿಂತ ತೀರಾ ಮುಂದೆ ಬೀಳದೆ ಬಹುಪಾಲು ಅದರ ಕೆಳಗೇ ಬೀಳುತ್ತಿದ್ದುದರಿಂದ ಪ್ರತಿ ತುಳಿತದಲ್ಲೂ ಆಗುವ ತಡೆ ಕಡಿಮೆಯಾಗುತ್ತಿತ್ತು. ತಿರುವಿನಲ್ಲಿ ಈ ಗಿಡ್ಡ ಹೆಜ್ಜೆಗಳಿಗೆ ಇನ್ನೊಂದು ಅನುಕೂಲವಿತ್ತು. ಒಂದೊಂದು ಹೆಜ್ಜೆಗೂ ದೇಹ ತಿರುಗಬೇಕಾದ ಕೋನ ಚಿಕ್ಕದಾಗಿ, ತಿರುವೂ ಅವರಿಗೆ ನೇರ ದಾರಿಯಷ್ಟೇ ಸಲೀಸಾದಂತೆ ಕಾಣುತ್ತಿತ್ತು.

ಈ ಶೈಲಿಯನ್ನು ತಿದ್ದದೆ ಬಿಟ್ಟವರು ವೇಕೊ ಪಟ್ಟಣದ ಬೇಲರ್ ವಿಶ್ವವಿದ್ಯಾಲಯದ ಕೋಚ್ ಕ್ಲೈಡ್ ಹಾರ್ಟ್. ಒಬ್ಬ ಕೋಚ್ ಮಾಡಿದ ಕೆಲಸವನ್ನು ಹೊಗಳುವಾಗ ಅವರು ಕಲಿಸಿದ್ದನ್ನು ಎಣಿಸುವುದು ವಾಡಿಕೆ. ಮುಟ್ಟದೆ ಬಿಟ್ಟದ್ದನ್ನೂ ಅಷ್ಟೇ ಗೌರವದಿಂದ ಎಣಿಸಬೇಕು. ಹಾರ್ಟ್ ಅವರ ತರಬೇತಿಯ ತಿರುಳು ಸರಳವಾಗಿತ್ತು. ಋತುವಿನ ಆರಂಭದಲ್ಲಿ 200 ಮೀಟರ್ ಓಟಗಳನ್ನು ಮಧ್ಯಮ ವೇಗದಲ್ಲಿ, ನಡುವೆ ಅಲ್ಪ ವಿಶ್ರಾಂತಿ ಕೊಟ್ಟು, ಮತ್ತೆ ಮತ್ತೆ ಓಡಿಸುವುದು. ಸ್ಪರ್ಧೆಗಳು ಹತ್ತಿರವಾದಂತೆ ಓಟಗಳ ಸಂಖ್ಯೆಯನ್ನು ಇಳಿಸಿ ವೇಗವನ್ನು ಏರಿಸುವುದು. ಪ್ರತಿ ಓಟಕ್ಕೂ ಗೊತ್ತುಪಡಿಸಿದ ಸಮಯ ಇರುತ್ತಿತ್ತು. ನಿಗದಿಗಿಂತ ಬೇಗ ಓಡಿದರೂ ಅದನ್ನು ತಪ್ಪೆಂದೇ ಎಣಿಸುವ ಈ ಶಿಸ್ತಿನಿಂದ ಓಟಗಾರನಿಗೆ ಗಡಿಯಾರ ನೋಡದೆಯೇ ತನ್ನ ವೇಗ ತಿಳಿಯುವಂತಾಯಿತು. 2004ರಲ್ಲಿ 400 ಮೀಟರ್ ಒಲಿಂಪಿಕ್ ಚಿನ್ನ ಗೆದ್ದ ಜೆರೆಮಿ ವಾರಿನರ್, 2012ರಲ್ಲಿ ಮಹಿಳೆಯರ 400 ಮೀಟರ್ ಗೆದ್ದ ಸಾನ್ಯಾ ರಿಚರ್ಡ್ಸ್-ರಾಸ್ ಇಬ್ಬರೂ ಇದೇ ಗರಡಿಯಲ್ಲಿ ಪಳಗಿದವರು.

ಜಾನ್ಸನ್ ಅವರ ದಾರಿ ಮೊದಲಿನಿಂದಲೂ ಸುಗಮವಾಗಿರಲಿಲ್ಲ. 1988ರಲ್ಲಿ ಕಾಲಿನ ಮೂಳೆಯಲ್ಲಿ ಬಿರುಕು ಕಾಣಿಸಿಕೊಂಡು ಅವರಿಗೆ ಸೋಲ್ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. 1990ರಲ್ಲಿ ಅವರು 200 ಮತ್ತು 400 ಮೀಟರ್ ಎರಡರಲ್ಲೂ ಜಗತ್ತಿನ ಮೊದಲ ಸ್ಥಾನದ ಓಟಗಾರರೆನಿಸಿದರು. ಮರುವರ್ಷ ಟೋಕಿಯೊದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಸೆಕೆಂಡಿಗೆ 3.4 ಮೀಟರ್ ವೇಗದ ಎದುರುಗಾಳಿಯಲ್ಲಿ, 200 ಮೀಟರನ್ನು 20.01 ಸೆಕೆಂಡಿನಲ್ಲಿ ಗೆದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋಗುವಾಗ ಅವರ ಗೆಲುವನ್ನು ಎಲ್ಲರೂ ಖಚಿತವೆಂದೇ ಬಗೆದಿದ್ದರು. ಆದರೆ ಕ್ರೀಡಾಕೂಟಕ್ಕೆ ಸುಮಾರು ಎರಡು ವಾರ ಮೊದಲು ಸ್ಪೇನ್‌ನ ಸಲಮಾಂಕಾದಲ್ಲಿ ತಿಂದ ಊಟ ವಿಷವಾಗಿ ಪರಿಣಮಿಸಿ, ದೇಹ ಸೊರಗಿ, ಅವರು 200 ಮೀಟರ್ ಸೆಮಿಫೈನಲ್‌ನಲ್ಲೇ ಹೊರಬಿದ್ದರು. 4x400 ರಿಲೇ ತಂಡದ ಚಿನ್ನ ಮಾತ್ರ ದಕ್ಕಿತು. ವರ್ಷಗಟ್ಟಲೆ ಕಟ್ಟಿದ ದೇಹ ಒಂದು ಊಟದಿಂದ ಕುಸಿದದ್ದನ್ನು ಕಂಡವರಿಗೆ ಮುಂದಿನ ನಾಲ್ಕು ವರ್ಷ ಅವರು ತೋರಿದ ಕಟ್ಟುನಿಟ್ಟು ಆಶ್ಚರ್ಯ ತರಲಾರದು.

1993ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 400 ಮೀಟರ್ ವಿಶ್ವ ಪ್ರಶಸ್ತಿ ಗೆದ್ದ ಅವರು, ಅಲ್ಲಿಯೇ 4x400 ರಿಲೇಯ ಕೊನೆಯ ಸುತ್ತನ್ನು 43 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಓಡಿ ತಂಡದ ಸಮಯವನ್ನು 2 ನಿಮಿಷ 54.29 ಸೆಕೆಂಡಿಗೆ ಇಳಿಸಿದರು. ಮೂವತ್ತು ವರ್ಷ ಕಳೆದರೂ ಅದೇ ವಿಶ್ವದಾಖಲೆಯಾಗಿ ನಿಂತಿದೆ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತದ ತಂಡ ಅಮೆರಿಕದ ಬೆನ್ನಿಗೇ ಓಡಿ ನಮ್ಮನ್ನೆಲ್ಲ ಎದ್ದು ನಿಲ್ಲಿಸಿದ ಆ ಆರಂಭಿಕ ಸುತ್ತಿನಲ್ಲಿ (ಹೀಟ್ಸ್) ದಾಖಲಾದ ಆಗಿನ ಏಷ್ಯನ್ ದಾಖಲೆ 2 ನಿಮಿಷ 59.05 ಸೆಕೆಂಡು ಎಂಬುದನ್ನು ನೆನೆದರೆ ಆ ಸಮಯದ ಎತ್ತರ ತಿಳಿಯುತ್ತದೆ. 1995ರ ಗೋಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಾನ್ಸನ್ 400 ಮೀಟರನ್ನು 43.39, 200 ಮೀಟರನ್ನು 19.79 ಸೆಕೆಂಡಿನಲ್ಲಿ ಗೆದ್ದು, ಎರಡನ್ನೂ ಒಟ್ಟಿಗೆ ಗೆಲ್ಲಬಹುದೆಂದು ಮೊದಲ ಬಾರಿಗೆ ತೋರಿಸಿಕೊಟ್ಟರು.

ಒಲಿಂಪಿಕ್ಸ್‌ನಲ್ಲಿ ಅದನ್ನೇ ಮಾಡಲು ವೇಳಾಪಟ್ಟಿಯೇ ಅಡ್ಡಿಯಾಗಿತ್ತು. ಎರಡೂ ಸ್ಪರ್ಧೆಗಳ ಸುತ್ತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮನವಿಗೆ ಒಪ್ಪಿ ಪಟ್ಟಿಯನ್ನು ಬದಲಿಸಿದ ಮೇಲೆ ಜುಲೈ 26ರಿಂದ 29ರವರೆಗೆ ದಿನಕ್ಕೊಂದರಂತೆ 400 ಮೀಟರಿನ ನಾಲ್ಕು ಸುತ್ತುಗಳು, ಒಂದು ದಿನದ ಬಿಡುವು, ಬಳಿಕ ಜುಲೈ 31 ಮತ್ತು ಆಗಸ್ಟ್ 1ರಂದು ದಿನಕ್ಕೆರಡರಂತೆ 200 ಮೀಟರಿನ ನಾಲ್ಕು ಸುತ್ತುಗಳು ಎಂದಾಯಿತು. ಏಳು ದಿನಗಳಲ್ಲಿ ಎಂಟು ಓಟ. ಒಬ್ಬರಿಗಾಗಿ ಪಟ್ಟಿಯನ್ನೇ ಬದಲಿಸಿದ್ದು ಸರಿಯೇ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು: ಆ ಬದಲಾವಣೆ ಅವಕಾಶವನ್ನು ಮಾತ್ರ ಕೊಟ್ಟಿತು, ಓಡುವ ಹೊರೆಯನ್ನು ಒಂದು ಮೀಟರಿನಷ್ಟೂ ಇಳಿಸಲಿಲ್ಲ. ಅದೇ ಕೂಟದಲ್ಲಿ ಫ್ರಾನ್ಸ್‌ನ ಮಾರಿ-ಜೋಸ್ ಪೆರೆಕ್ ಕೂಡ ಮಹಿಳೆಯರ ವಿಭಾಗದಲ್ಲಿ ಈ ಎರಡೂ ಓಟಗಳನ್ನು ಗೆದ್ದರು; 1984ರಲ್ಲಿ ಅಮೆರಿಕದ ವ್ಯಾಲೆರಿ ಬ್ರಿಸ್ಕೊ-ಹುಕ್ಸ್ ಅದನ್ನು ಸಾಧಿಸಿದ್ದರು.

ಹಾಗೆ ನೋಡಿದರೆ ಜಾನ್ಸನ್ ಮೇಲಿದ್ದ ಒತ್ತಡದಲ್ಲಿ ಒಂದು ಪಾಲು ಅವರೇ ಹೊತ್ತುಕೊಂಡದ್ದು. ನೂರು ಗ್ರಾಂಗಿಂತಲೂ ಹಗುರವಾಗಿ ನೈಕಿ ಕಂಪನಿ ಮಾಡಿಕೊಟ್ಟ ಬಂಗಾರದ ಬಣ್ಣದ ಸ್ಪೈಕ್ ಶೂಗಳನ್ನು ತೊಟ್ಟು ಟ್ರ್ಯಾಕ್‌ಗೆ ಇಳಿದ ಮೇಲೆ ಬೆಳ್ಳಿಯ ಪದಕದೊಂದಿಗೆ ಮರಳುವುದಕ್ಕೆ ಮುಖವಿರುತ್ತಿರಲಿಲ್ಲ. ಜುಲೈ 29ರ 400 ಮೀಟರ್ ಫೈನಲ್ ಸ್ಪರ್ಧೆಯೇ ಆಗಲಿಲ್ಲ: ಅವರು 43.49 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೆಯವರಾದ ಬ್ರಿಟನ್ನಿನ ರೋಜರ್ ಬ್ಲ್ಯಾಕ್ 0.92 ಸೆಕೆಂಡು ಹಿಂದಿದ್ದರು. ನಿಜವಾದ ಪರೀಕ್ಷೆ 200 ಮೀಟರ್. ಕೂಟಕ್ಕೆ ಕೆಲವೇ ವಾರ ಮೊದಲು ಓಸ್ಲೊದಲ್ಲಿ ನಮೀಬಿಯಾದ ಫ್ರಾಂಕಿ ಫ್ರೆಡರಿಕ್ಸ್ ಈ ದೂರದಲ್ಲಿ ಜಾನ್ಸನ್ ಅವರನ್ನು ಸೋಲಿಸಿದ್ದರು. ಆಗಸ್ಟ್ 1ರ ಫೈನಲ್‌ನ ರಾತ್ರಿಯೂ ಫ್ರೆಡರಿಕ್ಸ್ ಐದನೆಯ ಲೇನ್‌ನಲ್ಲಿ ಅವರ ಮುಂದೆಯೇ ನಿಂತಿದ್ದರು. ಮೂರನೆಯ ಲೇನ್‌ನಿಂದ ಎದ್ದ ಜಾನ್ಸನ್ ಆರಂಭದ ಹೆಜ್ಜೆಗಳಲ್ಲಿ ಒಮ್ಮೆ ಕೊಂಚ ಎಡವಿದರು. ಸಾಮಾನ್ಯವಾಗಿ ಓಟಗಾರನ ಲಯ ಅಲ್ಲಿಗೆ ಮುರಿಯುತ್ತದೆ. ಅವರ ಹೆಜ್ಜೆಗಳು ಗಿಡ್ಡವಾಗಿದ್ದುದರಿಂದಲೇ ಬೇಗ ಸರಿಪಡಿಸಿಕೊಂಡರೆಂದು ನನಗೆ ಅನಿಸುತ್ತದೆ. ತಿರುವು ಸೇರಿದ ಮೊದಲ ನೂರು ಮೀಟರಿಗೆ 10.12 ಸೆಕೆಂಡು, ಎರಡನೆಯ ನೂರಕ್ಕೆ 9.20 ಸೆಕೆಂಡು. ಒಟ್ಟು 19.32.

ಈ ಅಂಕಿಯ ಭಾರ ತಿಳಿಯಲು ಅದರ ಹಿಂದಿನ ದಾಖಲೆಗಳನ್ನು ನೋಡಬೇಕು. ಇಟಲಿಯ ಪಿಯೆತ್ರೊ ಮೆನ್ನೆಯಾ 1979ರಲ್ಲಿ, ಗಾಳಿ ತೆಳುವಾಗಿ ಓಟಕ್ಕೆ ಅನುಕೂಲವಾದ ಎತ್ತರದ ಮೆಕ್ಸಿಕೊ ನಗರದಲ್ಲಿ ಸ್ಥಾಪಿಸಿದ 19.72 ಸೆಕೆಂಡಿನ ದಾಖಲೆ ಸುಮಾರು ಹದಿನೇಳು ವರ್ಷ ಉಳಿದಿತ್ತು. 1996ರ ಜೂನ್‌ನಲ್ಲಿ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಜಾನ್ಸನ್ ಅದನ್ನು 19.66ಕ್ಕೆ ಇಳಿಸಿದರು. ಆರೇ ವಾರಗಳಲ್ಲಿ ತಮ್ಮದೇ ದಾಖಲೆಯಿಂದ 0.34 ಸೆಕೆಂಡು ಕಡಿತ ಮಾಡಿದರು. ಅವರ ಆ ವೇಗದಲ್ಲಿ ಅದು ಮೂರೂವರೆ ಮೀಟರಿಗೂ ಹೆಚ್ಚಿನ ದೂರ. 19.68 ಸೆಕೆಂಡಿನಲ್ಲಿ ಓಡಿದ ಫ್ರೆಡರಿಕ್ಸ್ ಮೆನ್ನೆಯಾ ಅವರ ಹಳೆಯ ದಾಖಲೆಗಿಂತ ವೇಗವಾಗಿದ್ದರೂ ದೂರ ಹಿಂದೆ ಉಳಿದಿದ್ದರು. ಎರಡನೆಯ ನೂರು ಮೀಟರಿನ 9.20 ಸೆಕೆಂಡನ್ನು 100 ಮೀಟರ್ ಓಟದ ಸಮಯದೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ, ಏಕೆಂದರೆ ಅಲ್ಲಿ ನಿಂತ ನಿಲುವಿನಿಂದ ವೇಗ ಪಡೆಯುವ ಹೊತ್ತು ಸೇರಿರುವುದಿಲ್ಲ. ಆದರೂ ಆಗಿನ ಪತ್ರಿಕೆಗಳು ಜಗತ್ತಿನ ಅತಿ ವೇಗದ ಮನುಷ್ಯ ಯಾರೆಂದು ಕೇಳತೊಡಗಿ, ಆ ವಾದವನ್ನು ತೀರ್ಮಾನಿಸಲು 1997ರ ಜೂನ್‌ನಲ್ಲಿ ಟೊರಾಂಟೊದಲ್ಲಿ 100 ಮೀಟರ್ ಚಾಂಪಿಯನ್ ಡೊನೊವನ್ ಬೈಲಿ ಮತ್ತು ಜಾನ್ಸನ್ ನಡುವೆ 150 ಮೀಟರಿನ ಪಂದ್ಯವನ್ನು ಏರ್ಪಡಿಸಲಾಯಿತು. ಜಾನ್ಸನ್ ತೊಡೆಯ ಸ್ನಾಯು ಹಿಡಿದುಕೊಂಡು ಅರ್ಧದಲ್ಲೇ ನಿಂತರು. ಆ ಪಂದ್ಯದಿಂದ ಕ್ರೀಡೆಗೆ ಏನೂ ದಕ್ಕಲಿಲ್ಲ.

ಅದೇ ತಿಂಗಳು ಪ್ಯಾರಿಸ್‌ನಲ್ಲಿ, 1989ರಿಂದ ಸತತವಾಗಿ 58 ಫೈನಲ್‌ಗಳನ್ನು ಗೆದ್ದು ಬಂದಿದ್ದ ಅವರ 400 ಮೀಟರ್ ಓಟ ಮುರಿಯಿತು. ಗೆದ್ದವರು ಅವರ ದೇಶದವರೇ ಆದ ಆಂಟೋನಿಯೊ ಪೆಟಿಗ್ರೂ. ಈ ಹೆಸರು ಮುಂದೆ ಮತ್ತೆ ಬರುತ್ತದೆ. ಗಾಯದಿಂದ ಚೇತರಿಸಿಕೊಂಡು ಜಾನ್ಸನ್ ಅಥೆನ್ಸ್‌ನಲ್ಲಿ ವಿಶ್ವ ಪ್ರಶಸ್ತಿಯನ್ನು ಉಳಿಸಿಕೊಂಡರು.

ಜನ ನೆನಪಿಟ್ಟುಕೊಂಡದ್ದು ಅಟ್ಲಾಂಟಾವನ್ನು. ಅವರ ಕಲೆಯನ್ನು ತಿಳಿಯಬಯಸುವವರು ನೋಡಬೇಕಾದ ಓಟ ಮಾತ್ರ 1999ರ ಆಗಸ್ಟ್ 26ರಂದು ಸ್ಪೇನ್‌ನ ಸೆವಿಲ್‌ನಲ್ಲಿ ನಡೆದ 400 ಮೀಟರ್ ಫೈನಲ್. ಆ ವರ್ಷ ಗಾಯಗಳಿಂದಾಗಿ ಅವರು ಬೆರಳೆಣಿಕೆಯ ಸ್ಪರ್ಧೆಗಳಲ್ಲಿ ಮಾತ್ರ ಓಡಿದ್ದರು. ಹಾಲಿ ಚಾಂಪಿಯನ್ ಎಂಬ ಕಾರಣಕ್ಕೆ ಅವರಿಗೆ ನೇರ ಪ್ರವೇಶ ಸಿಕ್ಕಿತ್ತು. ವಯಸ್ಸು ಮೂವತ್ತೆರಡರ ಹೊಸ್ತಿಲಲ್ಲಿತ್ತು. ಮೊದಲ 200 ಮೀಟರನ್ನು ಸುಮಾರು 21.2 ಸೆಕೆಂಡಿನಲ್ಲಿ, ಉಳಿದ 200 ಮೀಟರನ್ನು 22 ಸೆಕೆಂಡಿಗೆ ತುಸು ಕಡಿಮೆ ಸಮಯದಲ್ಲಿ ಓಡಿ 43.18 ಸೆಕೆಂಡಿಗೆ ಮುಗಿಸಿದರು. ಬುಚ್ ರೆನಾಲ್ಡ್ಸ್ 1988ರಲ್ಲಿ ಜೂರಿಕ್‌ನಲ್ಲಿ ಸ್ಥಾಪಿಸಿದ್ದ 43.29 ಸೆಕೆಂಡಿನ ದಾಖಲೆ ಮುರಿಯಿತು. 19.32 ಸೆಕೆಂಡಿನಲ್ಲಿ 200 ಮೀಟರ್ ಓಡಬಲ್ಲ ಮನುಷ್ಯನಿಗೆ 21.2 ಎಂಬುದು ಕೈಯಲ್ಲಿ ಸಾಕಷ್ಟು ಉಳಿಸಿಕೊಂಡು ಓಡುವ ವೇಗ. ಅವರ 200 ಮೀಟರ್ ಸಾಮರ್ಥ್ಯ 400 ಮೀಟರಿಗೆ ನೆರವಾದದ್ದು ಹೀಗೆ: ಉಳಿದವರು ಶಕ್ತಿಯನ್ನೆಲ್ಲ ಸುರಿದು ತಲುಪುವ ವೇಗವನ್ನು ಅವರು ಉಸಿರು ಬಿಗಿಹಿಡಿಯದೆ ತಲುಪುತ್ತಿದ್ದರು, ಮತ್ತು ಎರಡೂ ಅರ್ಧಗಳ ನಡುವೆ ಮುಕ್ಕಾಲು ಸೆಕೆಂಡಿನಷ್ಟೇ ಅಂತರ ಉಳಿಯುವಂತೆ ಅದನ್ನು ಹಂಚಿಕೊಳ್ಳುತ್ತಿದ್ದರು. ಹಾರ್ಟ್ ಅವರು ಗಡಿಯಾರ ಹಿಡಿದು ಓಡಿಸಿದ ಸಾವಿರಾರು ಮೀಟರುಗಳ ಫಲ ಈ ಹಂಚಿಕೆಯಲ್ಲಿ ಕಾಣುತ್ತದೆ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, 33ನೆಯ ವಯಸ್ಸಿನಲ್ಲಿ, 43.84 ಸೆಕೆಂಡಿನಲ್ಲಿ ಓಡಿ ಅವರು ಒಲಿಂಪಿಕ್ 400 ಮೀಟರ್ ಪ್ರಶಸ್ತಿಯನ್ನು ಉಳಿಸಿಕೊಂಡ ಮೊದಲ ಪುರುಷರಾದರು. ರಿಲೇಯಲ್ಲೂ ಚಿನ್ನ ಬಂತು, ಆದರೆ ಅದು ಅವರ ಬಳಿ ಉಳಿಯಲಿಲ್ಲ. 2008ರಲ್ಲಿ ಕೋಚ್ ಟ್ರೆವರ್ ಗ್ರಹಾಂ ವಿರುದ್ಧದ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಪೆಟಿಗ್ರೂ, ತಾವು 1997ರಿಂದ ನಿಷೇಧಿತ ಮದ್ದುಗಳನ್ನು ಬಳಸಿದ್ದಾಗಿ ಒಪ್ಪಿಕೊಂಡರು. ಅವರು ಸಿಡ್ನಿಯ ರಿಲೇ ತಂಡದಲ್ಲಿ ಓಡಿದ್ದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಪದಕವನ್ನು ಕಸಿದುಕೊಳ್ಳುವ ಮೊದಲೇ, ಈ ಓಟದಲ್ಲಿ ಮೋಸವಿತ್ತು ಎಂದು ತಿಳಿದ ಮೇಲೆ ಪದಕ ತಮ್ಮದಲ್ಲವೆಂದು ಜಾನ್ಸನ್ ಅದನ್ನು ಹಿಂದಿರುಗಿಸುವುದಾಗಿ ತಿಳಿಸಿದರು. ಚಿನ್ನ ನೈಜೀರಿಯಾದ ತಂಡಕ್ಕೆ ಹೋಯಿತು. 1998ರಲ್ಲಿ ಇದೇ ಪೆಟಿಗ್ರೂ ಇದ್ದ ತಂಡ ಮಾಡಿದ್ದ 2 ನಿಮಿಷ 54.20 ಸೆಕೆಂಡಿನ ರಿಲೇ ದಾಖಲೆಯೂ ಅಳಿದು, 1993ರ ಸ್ಟುಟ್‌ಗಾರ್ಟ್‌ನ ಸಮಯ ಮತ್ತೆ ದಾಖಲೆಯ ಸ್ಥಾನಕ್ಕೆ ಬಂತು. ಈಗ ಜಾನ್ಸನ್ ಅವರ ಲೆಕ್ಕದಲ್ಲಿರುವುದು ನಾಲ್ಕು ಒಲಿಂಪಿಕ್ ಚಿನ್ನ, ಎಂಟು ವಿಶ್ವ ಚಾಂಪಿಯನ್‌ಶಿಪ್ ಚಿನ್ನ. ರಿಲೇಯಲ್ಲಿ ಒಬ್ಬನ ತಪ್ಪಿಗೆ ಉಳಿದವರೂ ತೆರುವ ದಂಡ ಕಠಿಣವೇ; ಆದರೆ ಪಕ್ಕದ ಲೇನ್‌ನಲ್ಲಿ ಪ್ರಾಮಾಣಿಕವಾಗಿ ಓಡಿ ಸೋತವರ ದೃಷ್ಟಿಯಿಂದ ನೋಡಿದಾಗ ಅದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣುವುದಿಲ್ಲ.

ಅವರು 2001ರಲ್ಲಿ ನಿವೃತ್ತರಾದರು. 19.32 ಸೆಕೆಂಡಿನ ದಾಖಲೆ ಹನ್ನೆರಡು ವರ್ಷ ನಿಂತು, 2008ರಲ್ಲಿ ಬೀಜಿಂಗ್‌ನಲ್ಲಿ ಉಸೇನ್ ಬೋಲ್ಟ್ ಅವರ 19.30ಕ್ಕೆ ಮಣಿಯಿತು. 43.18 ಸೆಕೆಂಡಿನ ದಾಖಲೆ ಹದಿನೇಳು ವರ್ಷ ಉಳಿಯಿತು. 2016ರಲ್ಲಿ ರಿಯೊದಲ್ಲಿ ದಕ್ಷಿಣ ಆಫ್ರಿಕಾದ ವೇಡ್ ವಾನ್ ನೀಕರ್ಕ್, ಯಾರೂ ಕಣ್ಣಿಗೆ ಬೀಳದ ಎಂಟನೆಯ ಲೇನ್‌ನಿಂದ ಓಡಿ ಅದನ್ನು 43.03ಕ್ಕೆ ಇಳಿಸಿದರು. ಅವರ ದಾರಿ ಜಾನ್ಸನ್ ಅವರದಕ್ಕೆ ವಿರುದ್ಧವಾಗಿತ್ತು: ಮೊದಲ ಅರ್ಧವನ್ನು ಸುಮಾರು 20.5 ಸೆಕೆಂಡಿನಲ್ಲಿ ಸುರಿದುಬಿಟ್ಟು, ಕೊನೆಯ ನೂರು ಮೀಟರಿನ ನೋವನ್ನು ಇದ್ದಂತೆಯೇ ಸ್ವೀಕರಿಸಿದರು. ಒಂದೇ ದೂರವನ್ನು ಬಹುತೇಕ ಒಂದೇ ಸಮಯದಲ್ಲಿ ಮುಗಿಸಲು ಇಷ್ಟು ಬೇರೆಯಾದ ಎರಡು ದಾರಿಗಳಿವೆ ಎಂಬುದೇ ಈ ಓಟದ ಸೊಗಸು. 200 ಮತ್ತು 400 ಎರಡನ್ನೂ ಒಬ್ಬರೇ ಓಡಬೇಕೆಂಬ ಆಸೆಯನ್ನು ಜಾನ್ಸನ್ ಮಾತ್ರ ಬಿಡಲಿಲ್ಲ. 2025ರಲ್ಲಿ ಅವರು ಆರಂಭಿಸಿದ ಗ್ರ್ಯಾಂಡ್ ಸ್ಲಾಮ್ ಟ್ರ್ಯಾಕ್ ಲೀಗ್‌ನಲ್ಲಿ ಆ ಎರಡು ಓಟಗಳು ಸೇರಿ ಒಂದೇ ವಿಭಾಗ. ಅದರಲ್ಲಿ ಹೆಸರು ಕೊಟ್ಟವರು ಎರಡನ್ನೂ ಓಡಲೇಬೇಕು. ಯೋಜಿಸಿದ್ದ ನಾಲ್ಕು ಕೂಟಗಳಲ್ಲಿ ಮೂರು ನಡೆದವು, ಹಣದ ಮುಗ್ಗಟ್ಟಿನಿಂದ ನಾಲ್ಕನೆಯದು ರದ್ದಾಯಿತು.

ಇದಕ್ಕೂ ಏಳು ವರ್ಷ ಮೊದಲು, 2018ರ ಆಗಸ್ಟ್ ಕೊನೆಯಲ್ಲಿ, ಮನೆಯಲ್ಲಿ ವ್ಯಾಯಾಮ ಮುಗಿಸಿದ ಮೇಲೆ ಅವರಿಗೆ ಪಾರ್ಶ್ವವಾಯು ತಗುಲಿ ಎಡಭಾಗದ ಹಿಡಿತ ತಪ್ಪಿತ್ತು. ಆಸ್ಪತ್ರೆಯಲ್ಲಿ ವಾಕರ್ ಹಿಡಿದು ಮೊದಲ ಬಾರಿ ನಡೆದ ದೂರ ಸುಮಾರು 200 ಮೀಟರ್ ಇದ್ದೀತೆಂದೂ, ಅದಕ್ಕೆ ಹದಿನೈದು ನಿಮಿಷದಷ್ಟು ಹಿಡಿಯಿತೆಂದೂ ಅವರೇ ಬಳಿಕ ಹೇಳಿಕೊಂಡಿದ್ದಾರೆ. ನಡೆಯುತ್ತಿದ್ದಂತೆಯೇ ಹೆಜ್ಜೆ ಎಲ್ಲಿ ತಪ್ಪುತ್ತಿದೆ, ಮುಂದಿನ ಹೆಜ್ಜೆಯಲ್ಲಿ ಎಷ್ಟು ಸುಧಾರಿಸಿತು ಎಂಬ ಅತಿ ಸಣ್ಣ ವ್ಯತ್ಯಾಸಗಳನ್ನು ಗುರುತಿಸಲು ಅವರಿಗೆ ಸಾಧ್ಯವಾಗುತ್ತಿತ್ತು. ಮರುದಿನದಿಂದಲೇ ಅದನ್ನೊಂದು ತರಬೇತಿಯಂತೆ ಎಣಿಸಿ ನಡಿಗೆಯನ್ನು ಮತ್ತೆ ಕಲಿತರು, ಕೆಲವು ತಿಂಗಳುಗಳಲ್ಲಿ ಮೊದಲಿನಂತೆಯೇ ನಡೆದಾಡತೊಡಗಿದರು.